ಇಪ್ಪತ್ತೆರಡು ತಾಸು

ಔಷಧಿ ಇಳಿಯಲು ಎರಡೇ ತಾಸು.
ವಿಮೆಯ ಕಾಗದಕ್ಕೆ ಇಪ್ಪತ್ನಾಲ್ಕು ಬೇಕು.
ಹಾಗಾಗಿ ಸುಗಲಾಬಾಯಿ ಹತ್ತೂರೆ
ಎಂಟು ವಾರಕ್ಕೊಮ್ಮೆ ಸೊಲ್ಲಾಪುರದ ನಮ್ಮ ದವಾಖಾನೆಯಲ್ಲಿ
ಒಂದು ರಾತ್ರಿ ಸುಮ್ಮನೆ ರೋಗಿ.

ಮೊದಲ ಸಲ ಕೇಳಿದ್ದಳು:
‘ಮನ್ಯಾಗ ಚುಚ್ಚಕೊಂಡ್ರ ಆಗಂಗಿಲ್ಲೇನ ಸಿಸ್ಟರ್?’
ಆಗುವುದಿಲ್ಲ. ನೀವೇ ಚುಚ್ಚಿಕೊಂಡರೆ
ಅದು ಅಂಗಡಿಯ ಔಷಧಿ, ನಿಮ್ಮ ಗಂಟು.
ನನ್ನ ಕೈಯಿಂದ ಹೋದರೆ ಚಿಕಿತ್ಸೆ, ಕಂಪನಿಯ ಗಂಟು.
ನನ್ನ ಅಂಗೈ ಹೊರಳಿಸಿ ನೋಡಿದಳು,
ಬಳೆಗಾರನಂತೆ ಗಿಣ್ಣು ಒತ್ತಿದಳು.
‘ಭಾಳ ತುಟ್ಟಿ ಕೈ ಬಿಡವ್ವಾ ನಿಂದು.’
ಹನ್ನೊಂದು ಸಾವಿರ ಪಗಾರದ ಕೈ.
ನಾನೂ ನಕ್ಕೆ.

ಅವಳದು ನಲವತ್ತು ವರ್ಷ ಚಾದರಿಗೆ ಗೊಂಡೆ ಕಟ್ಟಿದ ಕೈ;
ಈಗ ಬೆರಳುಗಳೇ ಗಂಟು.
ಸಲಾಯಿನ್ ಮುಗಿದ ಮೇಲೆ ಉಳಿಯುವ ಇಪ್ಪತ್ತೆರಡು ತಾಸು
ಅವಳು ಮಲಗುವುದೇ ಇಲ್ಲ.
ಹರಿದ ಹಾಸಿನ ಅಂಚಿನಿಂದ ಎಳೆ ಬಿಡಿಸಿ
ಗೊಂಡೆ ಕಟ್ಟುತ್ತಾಳೆ, ಔಷಧಿ ನಾಟಿತೋ ಇಲ್ಲವೋ ಎಂದು.
ಬೆಳಗಿನ ಪಾಳಿಯವರು ಎಸೆಯದಂತೆ
ಆ ಹಾಸನ್ನು ನಾನೇ ಕಪಾಟಿನಲ್ಲಿಟ್ಟಿದ್ದೇನೆ.

ರಾತ್ರಿ ಹತ್ತಕ್ಕೆ ಕೌಂಟರಿನ ಮಾನೆ ಮೊಬೈಲು ಹಿಡಿದು ಬರುತ್ತಿದ್ದ:
ಕಂಪನಿಗೆ ಮಲಗಿದ ಫೋಟೋ ಬೇಕು.
‘ಜರಾ ಸೋತ ಮಾರಿ ಮಾಡ್ರಿ ಮಾವಶಿ.’
ಮೂರು ಸಲ ತೆಗೆದರೂ ನಗುವೇ ಬರುತ್ತಿತ್ತು.

ಈ ಸಲ ಹೊಸ ಪತ್ರ.
ಔಷಧಿ ಹಗಲಿನ ಚಿಕಿತ್ಸೆಯ ಪಟ್ಟಿಗೆ ಸೇರಿದೆ;
ರಾತ್ರಿ ಉಳಿದರೆ ಮಂಚದ ಬಾಡಿಗೆ ಅವಳದೇ.
ಎರಡು ತಾಸಿಗೆ ಸೂಜಿ ತೆಗೆದೆ, ಹತ್ತಿ ಒತ್ತಿದೆ.
‘ಆಯ್ತು, ಹೋಗ್ರಿ’ ಎಂದೆ.
‘ಹೋಗಂತೀ? ಇಷ್ಟ ಲಗೂ?’
ಅಕ್ಕಲಕೋಟದ ಬಸ್ಸಿಗೆ ಇನ್ನೂ ಹೊತ್ತಿತ್ತು.

ಸಂಜೆ ಕಪಾಟು ತೆರೆದೆ.
ಒಂದು ಅಂಚಿನ ತುಂಬ ಗೊಂಡೆ.
ಇನ್ನೊಂದರಲ್ಲಿ ನಾಲ್ಕು;
ಐದನೆಯದು ಎಳೆ ಬಿಟ್ಟುಕೊಂಡು ಕೂತಿತ್ತು.