ಇಪ್ಪತ್ಮೂರನೇ ನಂಬರು

ಏಪ್ರಿಲ್ ತಿಂಗಳಲ್ಲಿ, ಅದೂ ಶಿವಮೊಗ್ಗದಲ್ಲಿ,
ಉಣ್ಣೆ ಉಡುಪಿನ ಸ್ಪರ್ಧೆ ಇಟ್ಟವರ ಧೈರ್ಯಕ್ಕೇ
ಮೊದಲ ಬಹುಮಾನ ಕೊಡಬೇಕು ಎಂದರು ಬೋಪಯ್ಯ.
ನಕ್ಕೆವು. ಫ್ಯಾನು ಹಾಕುವಂತಿರಲಿಲ್ಲ,
ಜುಂಗು ಹಾರಿ ಮೂಗಿಗೆ ಹೋಗುತ್ತದೆಂದು.
ಹೊರಗೆ ಬಿ.ಎಚ್. ರಸ್ತೆ ಕಾದ ಕಾವಲಿ.
ಒಳಗೆ ಕಾಲೇಜಿನ ಹುಡುಗಿಯರು
ಕುರಿಮೈಯ ಬಿಸಿ ಹೊತ್ತು ನಡೆದು ಬಂದು,
ತಿರುಗಿ, ಒಂದು ಕ್ಷಣ ನಿಂತು,
ಪರದೆಯ ಹಿಂದೆ ಓಡಿ ಮಜ್ಜಿಗೆ ಕುಡಿಯುತ್ತಿದ್ದರು.

ಮೂವರು ನಾವು ತೀರ್ಪುಗಾರರು.
ಬೋಪಯ್ಯ, ಮುಂಬೈಯ ದೊಡ್ಡ ದೊಡ್ಡ ಷೋಗಳಿಗೆ ಕೋಟು ಕತ್ತರಿಸಿದವರು;
ದಾವಣಗೆರೆಯ ಶರ್ವಾಣಿ ಮೇಡಂ, ಎಳೆ ಎಣಿಸಲು
ಭೂತಗನ್ನಡಿ ತಂದವರು;
ಮತ್ತೆ ನಾನು, ದುರ್ಗಿಗುಡಿಯಲ್ಲಿ
ಮದುವೆ ರವಿಕೆಗಳಿಂದ ಹೆಸರಾಗಿ
ಬೋರ್ಡಿನ ಮೇಲೆ ಡಿಸೈನರ್ ಎಂದು ಬರೆಸಿದವಳು.
ಊರಿನವಳೊಬ್ಬಳಿರಲಿ ಎಂದು ಕರೆದದ್ದು. ಗೊತ್ತು.

ಕಾಗದದಲ್ಲಿ ಹೆಸರಿಲ್ಲ, ನಂಬರು ಮಾತ್ರ.
ಹೊಸತನಕ್ಕೆ ಹತ್ತು, ಹೊಲಿಗೆಗೆ ಹತ್ತು,
ತೊಡಬಹುದೇ ಎಂಬುದಕ್ಕೆ ಹತ್ತು.
ನಾಲ್ಕನೆಯದು ಕಂಬಳಿಗೆ ಕನ್ನಡಿಚೂರು ಹಚ್ಚಿ ಕೆಡಿಸಿತ್ತು.
ಒಂಬತ್ತರ ಕಾಲರು ಕೊರಳಿನ ಜತೆ ಜಗಳಕ್ಕಿಳಿದಿತ್ತು.
ಹದಿನಾಲ್ಕು ಬಂದಾಗ ಶರ್ವಾಣಿ ಮೇಡಂ
ಒಂದೇ ಒಂದು ಎಳೆ ಕಿತ್ತು, ಮೂಸಿ,
"ಇದನ್ನು ಕುರಿ ನೋಡೇ ಇಲ್ಲ" ಎಂದು ಗೀಟು ಎಳೆದರು.

ಆಮೇಲೆ ಇಪ್ಪತ್ಮೂರು.
ಕರಿಕಂಬಳಿಯ ಕೊಪ್ಪೆಯನ್ನೇ ಬಿಚ್ಚಿ
ಮೊಣಕಾಲುದ್ದದ ಕೋಟು ಮಾಡಿದ್ದು.
ತಲೆಯ ಮಡಿಕೆ ಹಾಗೇ ಉಳಿದು ಟೋಪಿಯಾಗಿದೆ.
ಕತ್ತರಿ ಎರಡೇ ಕಡೆ ತಾಗಿದೆ.
ಹುಣಸೆಬೀಜದ ಗಂಜಿಯ ವಾಸನೆ ಇನ್ನೂ ಬಿಟ್ಟಿಲ್ಲ.
ಬೋಪಯ್ಯ ಎದ್ದು ನಿಂತರು. ಕೂರುವುದು ಮರೆತರು.

ನಾನು ಅಂಚು ಮಗುಚಿ ನೋಡಿದೆ, ಅಭ್ಯಾಸಬಲ.
ಒಳಮಡಿಕೆಯ ಹೆಮ್ಮಿಂಗು
ಎಲ್ಲರದೂ ವಾಲುವ ದಿಕ್ಕಿಗೆ ಬೆನ್ನು ಹಾಕಿ
ಎಡಕ್ಕೆ ವಾಲಿತ್ತು.
ಮೂರು ಚಿಕ್ಕವು, ಒಂದು ದೊಡ್ಡದು, ಮತ್ತೆ ಮೂರು.
ಆ ಕೈ ಏಳು ವರ್ಷ
ನನ್ನ ಅಂಗಡಿಯ ಕಿಟಕಿ ಪಕ್ಕ ಕೂತಿತ್ತು.
ಫಿಲೋಮಿನ. ಶರಾವತಿ ನಗರದಿಂದ ನಡೆದೇ ಬರುತ್ತಿದ್ದವಳು.
ಎಡಗೈಗೆ ಒಗ್ಗದ ಕತ್ತರಿ ಹಿಡಿದೂ ಹಿಡಿದೂ
ಹೆಬ್ಬೆರಳ ಬುಡ ಜಡ್ಡುಗಟ್ಟಿದವಳು.
ಮುಹೂರ್ತದ ಹಿಂದಿನ ರಾತ್ರಿ
ಒಂದು ರವಿಕೆಗೆ ಹುಕ್ಕು ತಿರುವುಮುರುವಾಯಿತೆಂದು
ಮುನ್ನೂರು ರೂಪಾಯಿ ಹಿಡಿದೆ.
ಅವಳು ಟೇಪು ಸುತ್ತಿ ಡ್ರಾಯರಿನಲ್ಲಿಟ್ಟಳು,
ಅಂಗುಸ್ತಾನ ತೆಗೆದುಕೊಂಡು ಹೋದಳು.
ಅಂಗುಸ್ತಾನ ಅವಳದೇ.

ಹೇಳಬೇಕಿತ್ತು, ಈ ಕೈ ನನಗೆ ಗೊತ್ತು, ಅಂಕ ಕೊಡಲಾರೆ ಎಂದು.
ಹೇಳಿದರೆ, ಹೇಗೆ ಗೊತ್ತು ಎನ್ನುತ್ತಾರೆ.
ಹೊಲಿಗೆಗೆ ಹತ್ತು ಬರೆದೆ.
ಸಾಲ ತೀರಿಸಿದ ಹಾಗೆ ಕಂಡಿತು, ಅಳಿಸಿದೆ.
ಏಳು ಬರೆದೆ. ಮೂರು ಹಿಡಿದಂತಾಯಿತು,
ಅದೇ ಮುನ್ನೂರರ ಮರಿ.
ಅಳಿಸಿದೆ. ಕಾಗದ ತೂತಾಯಿತು.
ಮೇಡಂ ಏನೂ ಕೇಳದೆ ತಮ್ಮ ರಬ್ಬರು ನನ್ನತ್ತ ಸರಿಸಿದರು.
ಕೊನೆಗೆ ಒಂಬತ್ತು.
ಆ ಒಂದು ಯಾಕೆ ಎಂದರೆ ಇವತ್ತಿಗೂ ಉತ್ತರವಿಲ್ಲ.
ಹಿಡಿದುಕೊಳ್ಳುವುದು ಕೈಗೆ ಚಾಳಿಯಾಗಿತ್ತು.

ಬಹುಮಾನ ಇಪ್ಪತ್ಮೂರಕ್ಕೇ ಬಂತು.
ನಾನು ಹಿಡಿದ ಒಂದು ಯಾರ ಲೆಕ್ಕವನ್ನೂ ಕೆಡಿಸಲಿಲ್ಲ.
ಮೈಕಿನಲ್ಲಿ ಕರೆದ ಹೆಸರು ಮಾತ್ರ ಬೇರೆ:
ಲಲಿತಾಬಾಯಿ, ಹೊಲಿಗೆ ತರಬೇತಿಯ ಎರಡನೇ ವರ್ಷ.
ಬಂದಳು, ಬಲಗೈ ಚಾಚಿ ಫಲಕ ತೆಗೆದುಕೊಂಡಳು.
ನಾನು ಆ ಬಲಗೈಯನ್ನೇ ನೋಡುತ್ತಿದ್ದೆ.

ಯಾರಮ್ಮ ಕಲಿಸಿದ್ದು ಎಂದೆ.
"ಫಿಲೋಮಿನಕ್ಕ. ಅವರು ಹೊಲಿಯುವುದನ್ನು ನೋಡೀ ನೋಡೀ ಕಲಿತೆ.
ಹೊಲಿಗೆಗೆ ಇನ್ನೊಂದು ದಿಕ್ಕೂ ಇದೆ ಅಂತ
ಸೇರಿದ ಮೇಲೆ ಟೀಚರು ಬೈದಾಗಲೇ ಗೊತ್ತಾಗಿದ್ದು."

ಅಕ್ಕ ಬಂದಿದ್ದಾಳಾ ಎಂದು ಕೇಳಲು ಬಾಯಿ ತೆರೆದೆ.
ಅಷ್ಟರಲ್ಲಿ ಫೋಟೋದವನು ಹತ್ತಿರ ನಿಲ್ಲಿ ಎಂದ,
ಕೋಟು ನನ್ನ ಮೊಣಕೈಗೆ ಚುಚ್ಚಿತು.
ಆಗ ಕಣ್ಣಿಗೆ ಬಿತ್ತು:
ಕೊರಳಿಂದ ಕೆಳಗಿನವರೆಗೆ ಒಂದೂ ಹುಕ್ಕಿಲ್ಲ.
ಬರೀ ಕಸೆ,
ಯಾವ ಕೈಯವರು ಬೇಕಾದರೂ ಕಟ್ಟಿಕೊಳ್ಳುವಂಥದು.