ಕೋಟಿನ ಪದರ

ಎರಡು ವರ್ಷಕ್ಕೊಮ್ಮೆ ಪಪ್ಪನ ಮುಖ
ಬಿಳಿ ಗೋಡೆಗೆ ಬೆನ್ನು ಕೊಟ್ಟು ಕೂತಿದೆ.
ವೀಸಾಕ್ಕೆ ನಾಲ್ಕು ಪ್ರತಿ ಕೇಳಿದರೆ
ಸ್ಟುಡಿಯೋದವರು ಎಂಟು ಕೊಡುತ್ತಾರೆ;
ಮಿಕ್ಕಿದ್ದು ಮಮ್ಮಿಯ ಬಿಸ್ಕತ್ತಿನ ಡಬ್ಬಿಗೆ,
ಗುಂಡಿ, ಸೂಜಿ, ನನ್ನ ಹಾಲುಹಲ್ಲಿನ ಜೊತೆ.

ಕಾಲೇಜಿನಲ್ಲಿ ಕೊಟ್ಟ ವಿಷಯ: ಕಾಲ.
ಕ್ಲಾಸಿನ ಅರ್ಧ ಮಂದಿ ಮುಹರ್ರಕ್ಕಿಗೆ ಹೋದರು,
ಹಳೇ ಬಾಗಿಲು, ಮುತ್ತಿನ ಚಿಪ್ಪು, ಮರದ ದೋಣಿ.
ನಾನೂ ಹೋದೆ. ಸೆಪ್ಟೆಂಬರ್.
ಬಸ್ಸಿನ ಎ.ಸಿ.ಯಿಂದ ಹೊರಗೆ ಕಾಲಿಟ್ಟದ್ದೇ
ಲೆನ್ಸಿಗೆ ಬೆವರು. ನಲವತ್ತು ಚಿತ್ರ,
ನಲವತ್ತರಲ್ಲೂ ಕುದಿಯುವ ಹಾಲಿನ ಹಬೆ.
ಗುದೈಬಿಯಾಕ್ಕೆ ವಾಪಸು ಬಂದು
ಡಬ್ಬಿ ತೆರೆದೆ.

ಹನ್ನೊಂದು ಮುಖ.
ಸ್ಕ್ಯಾನರಿನ ಗಾಜಿನ ಮೇಲೆ ಒಂದೊಂದನ್ನೂ ಕವುಚಿ ಮಲಗಿಸಿದೆ.
ಹನ್ನೊಂದು ಪದರ. ಮೊದಲು ಕಣ್ಣಿಗೆ ಕಣ್ಣು ಕೂಡಿಸಬೇಕು.
ಕೂಡುವುದಿಲ್ಲ: ಎರಡು ಸಾವಿರದ ಎರಡರಲ್ಲಿ
ಪಪ್ಪನ ಕತ್ತು ಎಡಕ್ಕೆ ವಾಲಿತ್ತು,
ಹನ್ನೆರಡರ ನಂತರ ಬಲಕ್ಕೆ.
ಕಂಪ್ರೆಸರ್ ಹೊರುವ ಹೆಗಲು ಬದಲಾದದ್ದು
ನನಗೆ ಗೊತ್ತಾದದ್ದು ಹೀಗೆ,
ಮೌಸ್ ಹಿಡಿದು ಮೂರು ಡಿಗ್ರಿ ತಿರುಗಿಸುವಾಗ.

ಆಮೇಲೆ ತೆಳುವಾಗಿಸುವ ಲೆಕ್ಕ.
ತಳದ ಮುಖಕ್ಕೆ ನೂರು, ಮೇಲಿನದಕ್ಕೆ ಐವತ್ತು,
ಆಮೇಲೆ ಮೂವತ್ತಮೂರು, ಇಪ್ಪತ್ತೈದು, ಇಳಿಯುತ್ತ ಇಳಿಯುತ್ತ
ತುದಿಯದಕ್ಕೆ ಒಂಬತ್ತು ಚಿಲ್ಲರೆ.
ಎಲ್ಲರಿಗೂ ಸಮಪಾಲು ಸಿಗಲು ಇಷ್ಟು ಅಸಮ ಹಂಚಿಕೆ.

ರಾತ್ರಿ ಒಂದೂವರೆ. ನಮ್ಮ ಎ.ಸಿ. ಬಕೆಟ್ಟಿಗೆ ತೊಟ್ಟಿಕ್ಕುತ್ತಿದೆ
(ಊರವರ ಎ.ಸಿ. ರಿಪೇರಿ ಮಾಡುವವರ ಮನೆಯದ್ದು ಹೀಗೇ).
ಹನ್ನೊಂದನೆಯ ಪದರ ತೆರೆದೆ.
ಮುಖ ಮಂಜಾಯಿತು. ಮೀಸೆ ಇತ್ತೋ ಇಲ್ಲವೋ,
ಕೂದಲು ಬರೀ ಹೊಗೆ,
ಗಲ್ಲದ ಅಂಚು ಒದ್ದೆ ಕಾಗದದ ಶಾಯಿ.
ಆದರೆ ಕೋಟು!
ಕಡುನೀಲಿ ಕೋಟು, ಕೆಂಪು ಗೆರೆಯ ಟೈ,
ಈಗಷ್ಟೇ ಇಸ್ತ್ರಿಯಿಂದ ಎದ್ದು ಬಂದಂತೆ ಚೂಪಾಗಿ,
ಎಡ ಕಾಲರಿನಿಂದ ಇಣುಕುವ ಒಂದೆಳೆ ದಾರದ ಸಮೇತ.
ಇಪ್ಪತ್ತು ವರ್ಷದಲ್ಲಿ ಮುಪ್ಪಾಗದ್ದು ಅದೊಂದೇ.

ಬುಲ್‌ಬುಲ್ ಸ್ಟುಡಿಯೋದ ಮೊಯ್ದೂಟಿ ಕಾಕ ನಕ್ಕುಬಿಟ್ಟರು.
"ಗುದೈಬಿಯಾದ ಅರ್ಧ ಗಂಡಸರದ್ದು ಒಂದೇ ಕೋಟು, ಮೋಳೆ.
ಮೀನು ಮಾರುವವನಿಗೂ ಅದೇ, ಅಕೌಂಟೆಂಟಿಗೂ ಅದೇ.
ಕುತ್ತಿಗೆ ದಪ್ಪ ಇದ್ದರೆ ಸ್ವಲ್ಪ ಎಳೆಯುತ್ತೇನೆ, ಅಷ್ಟೆ."
ಪೆನ್‌ಡ್ರೈವಿಗೆ ಹಾಕಿಕೊಟ್ಟರು. ದುಡ್ಡು ಬೇಡವೆಂದರು.
ಬಾಗಿಲ ಹತ್ತಿರ ಮತ್ತೆ ಕರೆದು:
"ಹಿಲರಿಯ ಹುಬ್ಬನ್ನೂ ಒಂದ್ಸಲ ನಾನೇ ಸರಿ ಮಾಡಿದ್ದು. ಕಂಡುಹಿಡಿ ನೋಡುವಾ."

ಎಂಟು ಪಟ್ಟು ಹಿಗ್ಗಿಸಿ ಹುಡುಕಿದೆ.
ಎರಡು ಸಾವಿರದ ಎಂಟು. ಎಡ ಹುಬ್ಬಿನ ಮೇಲೆ
ಒಂದು ಮಚ್ಚೆ; ಅದರ ಪಕ್ಕದಲ್ಲೇ ಅದರದೇ ಅವಳಿ.
ಹಣೆಯ ಚರ್ಮ ಎತ್ತಿ ಗಾಯಕ್ಕೆ ಮೆತ್ತಿದ್ದಾರೆ.
ನನಗಾಗ ನಾಲ್ಕು ವರ್ಷ. ಪಪ್ಪ ಒಂದು ವಾರ
ಸೌದಿಗೆ ಹೋಗಿದ್ದಾರೆ ಎಂದಿದ್ದಳು ಮಮ್ಮಿ.
ಬರುವಾಗ ಚಾಕಲೇಟೂ ತಂದಿದ್ದರಲ್ಲ.

ಕೋಟಿಗೆ ಮಾಸ್ಕ್ ಹಾಕಿ ಅಳಿಸಿದೆ.
ಕೆಳಗೆ ಏನೂ ಇಲ್ಲ. ಬಿಳಿ ಬೂದು ಚೌಕಗಳು,
ಬಚ್ಚಲುಮನೆಯ ಟೈಲ್ಸಿನ ಹಾಗೆ.

ಕೆಲಸ ಮುಗಿಸಿ ಬಂದ ಪಪ್ಪ, ಬನಿಯನ್ನಿನಲ್ಲಿ,
ಕೈಯಲ್ಲಿ ಕಾಗದದ ಲೋಟದ ಕರಕ್ ಚಾ,
ಪರದೆಯನ್ನೇ ತುಂಬಾ ಹೊತ್ತು ನೋಡಿದರು.
"ಕೋಟು ಎಲ್ಲಿ?"
ತೆಗೆದೆ.
"ಹಾಕು ಮಾರಾಯ್ತಿ. ಅದಿಲ್ಲದಿದ್ರೆ ಪಾಸಾಗ್ಲಿಕ್ಕಿಲ್ಲ."

ಹಾಕಿದೆ. ಎಲ್ಲಕ್ಕಿಂತ ಕೆಳಗಿನ ಪದರಕ್ಕೆ.
ಎಲ್ಲಕ್ಕಿಂತ ಮೇಲೆ ಹೊಸ ಪದರವೊಂದನ್ನು ತೆರೆದು
ಕೂದಲೆಳೆಯಷ್ಟು ಸಣ್ಣ ಕುಂಚ ಹಿಡಿದು
ಹುಬ್ಬಿನ ಗೀರನ್ನು ತಿರುಗಿ ಎಳೆಯತೊಡಗಿದೆ.
ನೆನಪಿನಿಂದ ಬರಲಿಲ್ಲ. ಅಳಿಸಿದೆ. ಮತ್ತೆ ಅಳಿಸಿದೆ.
ದಿನಾ ನೋಡುವ ಗಾಯ, ಅದಕ್ಕೆ ಎರಡು ಕವಲಿದ್ದದ್ದು
ಕಂಡೇ ಇರಲಿಲ್ಲ.

"ಇಲ್ಲಿ ಬೆಳಕಿಗೆ ಕೂತ್ಕೊಳ್ಳಿ, ಸುಮ್ನೆ, ಎರಡು ನಿಮಿಷ."
ಕೂತರು. ಬಿಳಿ ಗೋಡೆಗೆ ಬೆನ್ನು ಕೊಟ್ಟು,
ಗಲ್ಲ ತುಸು ಮೇಲಕ್ಕೆ, ಎರಡೂ ಕಿವಿ ಕಾಣುವಂತೆ,
ಬಾಯಿ ಮುಚ್ಚಿ, ಕಣ್ಣು ಮಿಟುಕಿಸದೆ.

ಉಸಿರು ಬಿಡಿ ಪಪ್ಪಾ, ಎಂದೆ.