ವಿಳಾಸ ಪರಿಶೀಲನೆ

ಅರ್ಜಿಯ ಏಳನೆಯ ಪುಟದಲ್ಲಿ ಕೇಳಿದ್ದಾರೆ:
ಶಾಶ್ವತ ವಿಳಾಸ.
ಹುಬ್ಬಳ್ಳಿಯದು ಮೊನ್ನೆ ಖಾಲಿಯಾಯಿತು,
ಪೊನ್ನಂಪೇಟೆಯದು ಇನ್ನೂ ಪೆಟ್ಟಿಗೆಗಳಲ್ಲಿದೆ.
ಪೆಟ್ಟಿಗೆಗಳ ಮೇಲೆ ನನ್ನದೇ ಕೈಬರಹ:
ಅಡುಗೆ, ಅಡುಗೆ ೨, ವೈರು, ಏನೋ.

ಇವರಿಗೆ ಅರಣ್ಯ ಕಾಲೇಜಿನಲ್ಲಿ ಪಾಠದ ಕೆಲಸ ಸಿಕ್ಕಿತು, ಬಂದೆವು.
ಹನ್ನೊಂದು ವರ್ಷ ಒಂದು ಸಹಕಾರಿ ಬ್ಯಾಂಕಿನ
ಸರ್ವರುಗಳನ್ನು ಕಾದವಳು ನಾನು.
ನಡುರಾತ್ರಿ ಎಲ್ಲಿಂದಲೋ ಯಾರೋ
ಬಾಗಿಲು ತಟ್ಟಿ ನೋಡಿ ಹೋದದ್ದನ್ನು
ಬೆಳಿಗ್ಗೆ ಲಾಗಿನಲ್ಲಿ ಓದುತ್ತ ಚಹಾ ಆರಿಸಿಕೊಂಡವಳು.
ಈಗ ಕೇಳುತ್ತಿರುವುದು ಬಲು ದೊಡ್ಡ ಕಂಪನಿಯನ್ನು.
ನಲವತ್ತು ದೇಶಗಳಲ್ಲಿ ಅದರ ದೀಪ ಆರುವುದಿಲ್ಲವಂತೆ.
ನಮ್ಮಲ್ಲಿ ಸಂಜೆ ಆರೂವರೆಗೆ ಕರೆಂಟು ಹೋಗುತ್ತದೆ.

ಸಿಗ್ನಲ್ಲು ಸಿಗುವುದು ಬೊಳ್ಳಮ್ಮನವರ ಕಣದಲ್ಲಿ,
ಕರಿಮೆಣಸು ಹರವಿದ ಚಾಪೆಗೂ ನಾಯಿಗೂಡಿಗೂ ನಡುವೆ
ಎರಡು ಹೆಜ್ಜೆಯಷ್ಟು ಜಾಗ.
ಅಲ್ಲಿ ಕುರ್ಚಿ, ಸ್ಟೂಲಿನ ಮೇಲೆ ಲ್ಯಾಪ್‌ಟಾಪು,
ಮೈಮೇಲೆ ಇಸ್ತ್ರಿಯ ಕುರ್ತಾ, ಕಾಲಲ್ಲಿ ಹವಾಯಿ.

ಪರದೆಯಲ್ಲಿ ಮೂವರು.
ಒಬ್ಬನಿಗೆ ಮುಖವಿಲ್ಲ, ಎರಡಕ್ಷರ ಮಾತ್ರ.
ಎರಡಕ್ಷರ ಕೇಳಿತು: ನೀವು ಕಂಡ
ಅತಿ ಜಾಣ ಒಳನುಗ್ಗುವಿಕೆ ಯಾವುದು?
ಬ್ಯಾಂಕಿನದು ಹೇಳುವಂತಿಲ್ಲ, ಸಹಿ ಹಾಕಿದ್ದೇನೆ.
ಬಾಯಿಗೆ ಬಂದದ್ದು ಇಲ್ಲಿಗೆ ಬಂದ ಮರುದಿನದ್ದು:
ಪಕ್ಕದ ತೋಟದ ಸೋಲಾರ್ ಬೇಲಿಯ ಮೇಲೆ
ಆನೆಯೊಂದು ಒಣಮರ ತಳ್ಳಿ ಕೆಡವಿ,
ತಂತಿ ನೆಲ ಹಿಡಿಯುವವರೆಗೆ ಸುಮ್ಮನೆ ನಿಂತು,
ಹಲಸಿನ ಕಡೆ ನಡೆದು ಹೋಯಿತು.
ಬೇಲಿ ಕೆಟ್ಟಿರಲಿಲ್ಲ ಸಾರ್, ಬ್ಯಾಟರಿ ತುಂಬಿತ್ತು.
ಕಟ್ಟಿದವನು ಆನೆಯನ್ನು ಎಣಿಸಿದ್ದ,
ಮರವನ್ನು ಎಣಿಸಿರಲಿಲ್ಲ.
ಅಷ್ಟರಲ್ಲಿ ಮೆಣಸು ಬಿಡಿಸುವ ಯಂತ್ರ ಗುಡುಗತೊಡಗಿತು.
ಎರಡಕ್ಷರ ನಕ್ಕಿತೋ, ಕೆಮ್ಮಿತೋ.

ಗುರುವಾರ ಹೆಲ್ಮೆಟ್ಟಿನ ಹುಡುಗನೊಬ್ಬ ಬಂದ,
ಗೋಣಿಕೊಪ್ಪದಿಂದ, ಹೊರಗುತ್ತಿಗೆಯವನು.
ಗೇಟಿನ ಫೋಟೋ, ನನ್ನ ಫೋಟೋ,
ಗೇಟಿನ ಜೊತೆ ನನ್ನ ಫೋಟೋ.
ನೀಲಗಂಗಾ ಹಂಪಣ್ಣವರ ಎಂಬುದು
ಅವನ ಹಾಳೆಯಲ್ಲಿ ಹಂಪನವರ್ ಆಗಿತ್ತು, ಇರಲಿ.
ನೆರೆಯವರ ಸಾಕ್ಷಿ ಬೇಕು ಮೇಡಂ, ಅಂದ.
ಬೊಳ್ಳಮ್ಮ ಮೆಣಸಿನ ಕೈ ನೈಟಿಗೆ ಒರೆಸುತ್ತ ಬಂದರು.
ಎಷ್ಟು ಕಾಲದಿಂದ ಬಲ್ಲಿರಿ ಇವರನ್ನು?
ಅವರು ನನ್ನತ್ತ ನೋಡಲೂ ಇಲ್ಲ.
ಎರಡು ವರ್ಷ ಆಯ್ತು, ಅಂದರು. ನಂಗಡ ಹುಡುಗಿಯೇ.

ನಾನು ಬಂದು ಒಂಬತ್ತು ದಿನ.
ಈ ಒಂಬತ್ತರಲ್ಲಿ ಅವರು ಕೊಟ್ಟದ್ದು
ಎರಡು ಸಲ ಕಡಂಬುಟ್ಟು, ಗ್ಯಾಸಿನವನ ನಂಬರು,
ಅಂಗಳದಾಚೆಯಿಂದ ಊರಿಗೆಲ್ಲ ಕೇಳುವಂತೆ ಕೂಗಿ
ತಮ್ಮ ವೈಫೈ ಪಾಸ್‌ವರ್ಡು:
ಮೊಮ್ಮಗಳ ಹೆಸರು, ಒಂದು ಎರಡು ಮೂರು.
ಅವರ ಮನೆಯಲ್ಲಿ ಕೋವಿಗೆ ಬೀಗವಿದೆ.
ಅಡುಗೆಮನೆಗಿಲ್ಲ.

ನನ್ನ ವಿದ್ಯೆಯ ಮೊದಲ ಪಾಠ, ಯಾರನ್ನೂ ನಂಬಬೇಡ.
ಪ್ರತಿ ಸಲ ಕೇಳು, ಕೇಳಿದ್ದನ್ನೇ ಮತ್ತೆ ಕೇಳು.
ಆ ವಿದ್ಯೆಗೆ ನಾನು ತಕ್ಕವಳೆಂಬ ಕಾಗದದೊಳಕ್ಕೆ
ಮೊದಲ ಸುಳ್ಳು ನನ್ನ ಪರವಾಗಿಯೇ ಬಂದಿತ್ತು,
ಒಣಮರದ ಹಾಗೆ, ಮೆಲ್ಲಗೆ,
ಯಾರ ಮೇಲೂ ಸಿಟ್ಟಿಲ್ಲದೆ.

ಸ್ಕೂಟರು ತಿರುವು ಮುಟ್ಟುವ ಮೊದಲು ಓಡಿದೆ,
ಒಂದು ಹವಾಯಿ ದಾರಿಯಲ್ಲೇ ಉಳಿಯಿತು.
ಒಂಬತ್ತು ದಿನ, ಅಂದೆ. ಎರಡು ವರ್ಷ ಅಲ್ಲ. ಬರಕೊಳ್ರಿ.
ಹುಡುಗ ಹಾಳೆಯನ್ನು ಮೇಲಿಂದ ಕೆಳಗೆ ನೋಡಿದ:
ಒಂಬತ್ತು ದಿನಕ್ಕೆ ಕಾಲಮ್ಮೇ ಇಲ್ಲ ಮೇಡಂ,
ಆರು ತಿಂಗಳಿಂದ ಶುರು.
ಹಾಗಾದರೆ ಅಂಚಿನಲ್ಲಿ ಬರೀರಿ.
ಬರೆದ. ಪೆನ್ನು ಮೂಡಲಿಲ್ಲ,
ಅದರ ಮೇಲೇ ಇನ್ನೊಮ್ಮೆ ಬರೆದ.

ಮರಳಿದಾಗ ಬೊಳ್ಳಮ್ಮ ಬೆನ್ನು ಹಾಕಿ
ಮೆಣಸು ಕೇರುತ್ತಿದ್ದರು. ಸಂಜೆಯವರೆಗೆ ಮಾತಿಲ್ಲ.
ಕರೆಂಟು ಹೋಯಿತು, ಬಂತು.
ನಾನು 'ಏನೋ' ಎಂಬ ಪೆಟ್ಟಿಗೆ ಬಿಚ್ಚುತ್ತಿದ್ದೆ,
ಕಿಟಕಿಯಾಚೆಯಿಂದ ಕೂಗು:
ಪಾಸ್‌ವರ್ಡು ಬದಲಾಯಿಸಿದ್ದೇನೆ!

ತುಸು ಹೊತ್ತು ಬರೀ ಜೀರುಂಡೆ.
ಆಮೇಲೆ
ಹೊಸದನ್ನೂ ಕೂಗಿ ಹೇಳಿದರು.